ಒಮ್ಮತದ ದಪ್ಪ

ಉಪ್ಸಾಲಾ ಊರಿನ ನಮ್ಮ ಕಾರ್ಖಾನೆಯಲ್ಲಿ ಪೇಸ್‌ಮೇಕರಿನಿಂದ ಹೃದಯಕ್ಕೆ ಹೋಗುವ ತಂತಿ ತಯಾರಾಗುತ್ತದೆ. ಅದರ ಮೆತ್ತನೆಯ ಹೊದಿಕೆ ತೆಳುವಾದರೆ ಒಳಗೇ ಸವೆದು ಪೇಸ್‌ಮೇಕರ್ ಕೈಕೊಡಬಹುದು. ಆ ಹೊದಿಕೆಯ ದಪ್ಪ ಅಳೆಯುವವರು ಮೂವರು: ತೂರೆ, ಗುನ್ನೆಲ್ ಮತ್ತು ನಾನು. ಗುರುವಾರ ನನ್ನ ಅಮ್ಮನ ಎದೆಗೆ ಹಾಕಬೇಕಿದ್ದುದೂ ಇದೇ ತಂತಿಯನ್ನು. ಆ ವಾರವೇ ನಮಗೂ ಪರೀಕ್ಷೆ ಬಂತು.

ವರ್ಷಕ್ಕೊಮ್ಮೆ ನಮ್ಮ ಕೈಗಳಿಗೇ ಪರೀಕ್ಷೆ. ಅವೇ ಹತ್ತು ತಂತಿಗಳನ್ನು ಮೂವರೂ ಬೇರೆ ಬೇರೆ ಅಳೆಯಬೇಕು, ಅಂಕಿಗಳು ಹೊಂದಬೇಕು. ಮಾಪಕವನ್ನು ನಿಯಮದಷ್ಟು ಒತ್ತಿದರೆ ನಿಜವಾದ ದಪ್ಪ ಸಿಗುತ್ತದೆ. ಸುಮ್ಮನೆ ತಾಗಿಸಿದರೆ ಎಲ್ಲವೂ ದಪ್ಪ, ಎಲ್ಲವೂ ಪಾಸು! ತೂರೆ ಮೂವತ್ತು ವರ್ಷದಿಂದ ತಾಗಿಸುತ್ತಲೇ ಬಂದವನು. ನಾನು ಅವನಿಂದ ಕಲಿತವಳು. ಗುನ್ನೆಲ್ ಮಾತ್ರ ಒತ್ತುತ್ತಾಳೆ. ಈ ಸಲ ನಾವಿಬ್ಬರೂ ಹತ್ತನ್ನೂ ಪಾಸು ಮಾಡಿದರೆ, ಅವಳು ಹತ್ತರಲ್ಲಿ ನಾಲ್ಕು ತೆಳು ಎಂದು ಬರೆದಳು.

ನಮ್ಮವರು ಜಗಳವಾಡುವುದಿಲ್ಲ, ಕಾಫಿಗೆ ಕೂರುತ್ತಾರೆ. ಏಲಕ್ಕಿ ಬನ್ನು ಬಂತು.

"ನೋಡು ಗುನ್ನೆಲ್, ನಿಂದು ತಪ್ಪು ಅಂತ ಯಾರೂ ಹೇಳ್ತಿಲ್ಲ," ಅಂದ ತೂರೆ. "ನೀನು ಸ್ವಲ್ಪ ಈ ಕಡೆ ಬಾ, ನಾವು ಸ್ವಲ್ಪ ಆ ಕಡೆ ಬರ್ತೀವಿ."

"ತಂತಿ ಏನು ರಾಜಿಗೆ ಬಂದಿದ್ಯಾ ಮಾರಾಯ? ಅದು ಎಷ್ಟಿದ್ಯೋ ಅಷ್ಟೇ!"

"ಓಹೋ, ನಾವಿಬ್ರೂ ಕುರುಡ್ರು, ನಿಂಗೊಬ್ಳಿಗೇ ಕಣ್ಣು!"

ಗುನ್ನೆಲ್ ನನ್ನ ಮುಖ ನೋಡಿದಳು. ನಾನು ಬನ್ನಿನ ಮೇಲಿನ ಸಕ್ಕರೆ ಕೆರೆಯುತ್ತಾ ಕೂತೆ.

ಆಮೇಲೆ ಮ್ಯಾನೇಜರ್ ಸ್ಟೆಲ್ಲನ್ ಸಭೆ ಕರೆದ. ಹನ್ನೊಂದು ಜನ ಸರದಿಯಂತೆ ಮಾತಾಡಿ, ಗುನ್ನೆಲ್‌ಳ ಕೈ ಸರಿಯಿಲ್ಲ ಎಂದು ಒಮ್ಮತದಿಂದ ತೀರ್ಮಾನಿಸಿದರು. ಅವಳಿಗೆ ತೂರೆಯ ಬಳಿ ಎರಡು ವಾರ ತರಬೇತಿ. ಅವಳ ಅಂಕಿಗಳನ್ನು ಬಿಟ್ಟು ನೋಡಿದರೆ ಹೊಂದಾಣಿಕೆ ನೂರಕ್ಕೆ ನೂರು! ಆ ಸಾಧನೆಗೆ ಕೇಕು ಬೇರೆ ಕತ್ತರಿಸಿದೆವು.

ಸಭೆ ಮುಗಿದ ಮೇಲೆ ಸ್ಟೆಲ್ಲನ್ ನನ್ನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ.

"ಇಂಗೆಯರ್ಡ್, ಅಮ್ಮಂಗೆ ಗುರುವಾರ ಅಲ್ವಾ? ಹೆದರ್ಕೋಬೇಡ. ಗುನ್ನೆಲ್ ಪಾಸು ಮಾಡಿರೋದ್ರಲ್ಲೇ ಒಂದು ತೆಗೆದಿಟ್ಟಿದ್ದೀನಿ. ಆಸ್ಪತ್ರೆಗೆ ಅದೇ ಹೋಗುತ್ತೆ."

"ಅವಳ ಕೈ ಸರಿಯಿಲ್ಲ ಅಂತ ಈಗಷ್ಟೇ ಅಂದ್ಯಲ್ಲ?"

"ಹೋದ ವರ್ಷ ನಮ್ಮಪ್ಪಂಗೂ ಅವಳು ಅಳೆದಿದ್ದನ್ನೇ ಹಾಕ್ಸಿದ್ದು," ಎಂದು ಅವನು ಗಡಿಯಾರ ನೋಡಿಕೊಂಡ.

ಉಗಿಯಬೇಕಿತ್ತು ಅವನಿಗೆ. ಆದರೆ ಅಮ್ಮ ಕಣ್ಣ ಮುಂದೆ ಬಂದಳು. "ಥ್ಯಾಂಕ್ಸ್" ಅಂದೆ.

ಹೊರಗೆ ಬಂದರೆ, ಗಾಜಿನ ಗೋಡೆಯಾಚೆ ತೂರೆ ಗುನ್ನೆಲ್‌ಳ ಪಕ್ಕ ನಿಂತು, ಮಾಪಕವನ್ನು ಮೆಲ್ಲಗೆ ತಾಗಿಸುವುದು ಹೇಗೆಂದು ತೋರಿಸುತ್ತಿದ್ದ. ಅವಳು ಬೇಗ ಕಲಿಯುತ್ತಿದ್ದಳು.