ಹಿಮ್ಮಡಿಯ ರಕ್ತ

"ಅಲ್ಲೇ ನಿಲ್ಲೇ ಮುದುಕಿ! ಆ ಕೂಸನ್ನ ಮೇಜಿಗೆ ತಾಗಿಸ್ಬೇಡ. ಈಗಷ್ಟೇ ಒರೆಸಿದ್ದೀನಿ."

ಮುದುಕಿ ನಿಂತಳು. ಸೆರಗಿನಲ್ಲಿ ಸುತ್ತಿದ್ದ ಮೊಮ್ಮಗಳನ್ನು ಇನ್ನಷ್ಟು ಎದೆಗೊತ್ತಿಕೊಂಡಳು. ಸರ್ಕಾರಿ ಆಸ್ಪತ್ರೆಯ ರಕ್ತ ತೆಗೆಯುವವನು ಒಂದು ಕೈಗವಸಿನ ಮೇಲೆ ಇನ್ನೊಂದು ಏರಿಸಿಕೊಂಡ.

"ಮೀನು ನಾತ ಬೇರೆ. ತೊಳ್ಕೊಂಡು ಬರೋಕೆ ಏನು ರೋಗ?"

"ರೋಗ ಇದೆಯೋ ಇಲ್ವೋ ತಿಳ್ಕೊಳ್ಳೋಕೇ ಬಂದಿರೋದು, ಸಾಹೇಬ್ರೇ."

ಹಾಗೆ ಬಂದದ್ದು ಇದು ಮೂರನೆಯ ಸಲ. ಮಗಳಿಗೆ ಎಚ್‌ಐವಿ ಇರುವುದು ಹೆರಿಗೆಯ ಹೊತ್ತಿಗೆ ಗೊತ್ತಾಗಿತ್ತು; ಅಂಟಿಸಿದ ಅಳಿಯ ಆ ವೇಳೆಗೆ ಮಣ್ಣು ಸೇರಿದ್ದ. ಕೂಸಿಗೂ ಬಂದಿದೆಯೇ ಎಂದು ನೋಡಲು ದೊಡ್ಡವರ ಪರೀಕ್ಷೆ ಸಾಲದು, ಅದರಲ್ಲಿ ತಾಯಿಯ ರಕ್ತದ ಗುರುತೇ ಕಾಣುತ್ತದೆ ಎಂದು ನರ್ಸಮ್ಮ ಹೇಳಿದ್ದಳು. ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲೆ ಹನಿ ಇಳಿಸಿ, ಒಣಗಿಸಿ, ದೂರದ ದೊಡ್ಡ ಲ್ಯಾಬಿಗೆ ಕಳಿಸಬೇಕು. ಇದೆ ಎಂದು ಉತ್ತರ ಬಂದರೆ ಅಂದೇ ಔಷಧಿ ಶುರು. ಬೇಗ ಶುರುವಾದರೆ ಕೂಸು ಉಳಿಯುತ್ತದೆ. ಎರಡು ಸಲವೂ ಬಂದ ಉತ್ತರ ಒಂದೇ: ಕಾರ್ಡು ಕೆಟ್ಟಿದೆ, ಮತ್ತೆ ಕಳಿಸಿ.

"ನಿಮ್ ರಕ್ತವೇ ಕೊಳಕು. ಕಾರ್ಡ್ ಏನ್ ಮಾಡುತ್ತೆ?" ಎಂದಿದ್ದ ಇವನು.

ಇವನು ಆಚೆ ಹೋದಾಗ ನರ್ಸಮ್ಮ ಪಿಸುಗುಟ್ಟಿದ್ದಳು: "ಒದ್ದೆ ಇರುವಾಗ್ಲೇ ಲಕೋಟೆಗೆ ತುರುಕ್ತಾನಮ್ಮ, ಬೂಷ್ಟು ಹಿಡಿಯುತ್ತೆ. ಮಧ್ಯಾಹ್ನ ತನ್ನ ಸ್ವಂತ ಲ್ಯಾಬಿಗೆ ಓಡ್ಬೇಕಲ್ಲ! ನಾನ್ ಹೇಳ್ದೆ ಅನ್ಬೇಡ, ನಿನ್ ಕಾಲಿಗೆ ಬೀಳ್ತೀನಿ."

ಇಂದು ಬೆಳಿಗ್ಗೆ ಮಗಳೂ ಹೊರಟಿದ್ದಳು. ಮೀನಿನ ಶೆಡ್ಡಿನ ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. "ಇಬ್ರೂ ಹೋದ್ರೆ ಮೀನನ್ನ ನಿಮ್ಮಪ್ಪ ಬಂದು ಸೀಳ್ತಾನಾ? ಹೋಗೋದಾದ್ರೆ ಹಾಗೇ ಹೋಗು, ಬೋಸುಡಿ. ತಿರುಗಿ ಬರಬೇಡ." ಮಗಳು ಮಂಜುಗಡ್ಡೆಯ ನೀರಿಗೆ ಮತ್ತೆ ಕೈಯಿಳಿಸಿ, ತಲೆಯೆತ್ತದೆ ಹೇಳಿದಳು: "ನೀನೇ ಹೋಗವ್ವಾ. ನಿನ್ನೆಯಿಂದ ಮೊಲೆ ಹಿಡೀತಿಲ್ಲ ಇದು. ಈ ಸಲ ಅವನನ್ನ ಬಿಡಬೇಡ."

"ಕಾಲು ಹಿಡಿ," ಎಂದ ರಕ್ತದವನು. "ನಾನು ಚುಚ್ತೀನಿ, ನೀನೇ ಹಿಂಡು. ನಂಗೂ ಹೆಂಡ್ತಿ ಮಕ್ಕಳಿದ್ದಾರೆ."

ತೋಳು ನೀಡಿ, ಮುಖ ಹಿಂದಕ್ಕೆ ಎಳೆದುಕೊಂಡು ಚುಚ್ಚಿದ. ಕೂಸು ಬಾಯಿ ತೆರೆಯಿತು, ದನಿ ಬರಲಿಲ್ಲ. ಹಿಂದಿನ ಸಲ ರಕ್ತ ತಾನಾಗಿ ಚಿಮ್ಮಿತ್ತು. ಈಗ ಮುದುಕಿ ತನ್ನ ಹೆಬ್ಬೆರಳಿನಷ್ಟೇ ಇದ್ದ ಆ ಪಾದವನ್ನು ಒತ್ತಿದಳು, ನೀವಿದಳು, ಬಾಯಿಂದ ಊದಿ ಬೆಚ್ಚಗೆ ಮಾಡಿದಳು. "ದೇವ್ರೇ, ಇಷ್ಟು ಕೊಡಪ್ಪಾ," ಎನ್ನುತ್ತ ಮತ್ತೆ ಒತ್ತಿದಳು. ಕಾರ್ಡಿನ ವೃತ್ತಗಳು ಒಂದೊಂದಾಗಿ ಕೆಂಪಾದವು. ಕೊನೆಯದು ಅರ್ಧಕ್ಕೇ ನಿಂತಿತು.

ಅವನು ಕಾರ್ಡನ್ನು ಚಿಮಟದಿಂದ ಎತ್ತಿ ಲಕೋಟೆ ಹುಡುಕಿದ.

"ಒಣಗ್ಲಿ ಸಾಹೇಬ್ರೇ."

"ಒಣಗುತ್ತೆ, ನಡಿ. ಬೀಗ ಹಾಕ್ಬೇಕು."

"ಒದ್ದೆ ಮೀನು ಮೂಟೆ ಕಟ್ಟಿದ್ರೆ ನಮ್ ಮೇಸ್ತ್ರಿ ಚಪ್ಪಲೀಲಿ ಹೊಡೀತಾನೆ. ನಿಮಗೆ ಹೊಡೆಯೋರು ಯಾರೂ ಇಲ್ವಾ?"

"ಏನಂದೆ, ಮುಂಡೆ?"

ಮುದುಕಿ ಹೋಗಿ ಹೊಸ್ತಿಲ ಮೇಲೆ ಕುಳಿತಳು. ಕೂಸನ್ನು ಮಡಿಲಿಗೆ ಹಾಕಿಕೊಂಡು, ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿದಳು.

"ಅದನ್ನ ಗಾಳಿಗಿಡು. ಒಣಗೋದನ್ನ ನನ್ ಕಣ್ಣಾರೆ ನೋಡ್ಬೇಕು. ಬೀಗ ಹಾಕೋದಾದ್ರೆ ನನ್ ಕಾಲಿನ ಮೇಲೆ ಹಾಕು."

ಅವನು ಕಾವಲುಗಾರನನ್ನು ಕೂಗಿದ. ಬಂದವನು ಕೋಲು ಊರಿಕೊಂಡು ಮಾರು ದೂರದಲ್ಲೇ ನಿಂತ.

"ಎಳ್ದು ಹಾಕೋ ಇವಳನ್ನ!"

"ಆ ಕಾಯಿಲೆ ಕೂಸಲ್ವಾ ಸಾರ್ ಅದು?"

"ಹೌದು ಕಣೋ, ಅದಕ್ಕೇ."

"ಅದಕ್ಕೇ ನೀವೇ ಎಳೀರಿ ಸಾರ್. ಕೈಗವಸು ನಿಮ್ಮ ಹತ್ರ ಇದೆ."

ಮುದುಕಿಗೆ ನಗು ಬಂತು. ಇಷ್ಟು ದಿನ ಯಾವ ಹೇಸಿಗೆ ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿತ್ತೋ ಅದೇ ಈಗ ಅವಳ ಸುತ್ತ ಬೇಲಿಯಾಗಿತ್ತು. ರಕ್ತದವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಕೂಸನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಅವನು ಹಿಂದೆ ಸರಿದ.

ಕಾರ್ಡನ್ನು ಕಿಟಕಿಯ ಬಳಿ ಇಟ್ಟು ಕುರ್ಚಿಯಲ್ಲಿ ಕುಸಿದು ಕುಳಿತ. ಫೋನು ಬಡಿದುಕೊಂಡಿತು. ತೆಗೆದು, "ಬರ್ತೀನಿ ಕಣಯ್ಯಾ, ಇಲ್ಲೊಂದು ಶನಿ ಕೂತಿದೆ," ಎಂದ. ಕಾರ್ಡಿನ ಕೆಂಪು ಮೆಲ್ಲಗೆ ಕಂದಾಗುತ್ತಿತ್ತು, ಮೊದಲು ಅಂಚು, ಆಮೇಲೆ ಒಳಗೆ. ಜೊತೆಗೆ ತಂದಿದ್ದ ಹಾಲಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಮುದುಕಿ ಕೂಸಿನ ತುಟಿಗಿಟ್ಟಳು. ಹಾಲು ಕೆನ್ನೆಯ ಮೇಲಿಳಿದು ಕಿವಿಯ ಕಡೆ ಹರಿಯಿತು. ಅವಳು ಒರೆಸಿದಳು, ಮತ್ತೆ ಇಟ್ಟಳು, ಮತ್ತೆ ಒರೆಸಿದಳು. ಆಮೇಲೆ ಇಡಲಿಲ್ಲ. ಕಾರ್ಡಿನಿಂದ ಕಣ್ಣು ಮಾತ್ರ ಕದಲಿಸಲಿಲ್ಲ.

ಬಿಸಿಲು ಕಿಟಕಿ ದಾಟಿತು. ರಕ್ತದವನು ಬಯ್ಯಲೆಂದು ಅವಳ ಕಡೆ ತಿರುಗಿದವನು ಹಾಗೆಯೇ ಎದ್ದು ನಿಂತ. ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆ ಸರಿಸಿದ.

"ಅಜ್ಜೀ... ಮಗು ನೋಡು ಒಂದ್ಸಲ."

"ನೀನು ಕಾರ್ಡ್ ನೋಡು," ಎಂದಳು ಮುದುಕಿ.