ಬೂಷ್ಟು ಹಿಡಿದ ಹಾಸಿಗೆ

"ತೆಗಿಯೋ ಆ ಮೂತಿಗೆ ಹಾಕಿರೋ ಚಡ್ಡಿನಾ! ಗಿರಾಕಿ ಹೆದರಿ ಓಡ್ತಾರೆ, ಬೋಳಿಮಗನೆ!"

ಹಾಸಿಗೆ ಅಂಗಡಿ ತುಂಬ ಜನ. ಅವರೆದುರೇ ಸಾಹುಕಾರ ನನ್ನ ತಮ್ಮನ ಮಾಸ್ಕಿಗೆ ಕೈ ಹಾಕಿ ಕಿತ್ತ. ತಮ್ಮ ಎರಡೂ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡ. ಮಹಾಮಾರಿ ಬಂದಾಗ ಇದೇ ಮನುಷ್ಯ ಮೂಗು ಮುಚ್ಚದವರನ್ನು ಬಾಗಿಲಲ್ಲೇ ಉಗಿದು ಕಳಿಸುತ್ತಿದ್ದ. ಈಗ ಅವನ ಪಾಲಿಗೆ ರೋಗ ಮುಗಿದಿದೆ.

ನಮಗೆಲ್ಲಿ ಮುಗಿಯುತ್ತದೆ? ತಮ್ಮನ ಹೊಟ್ಟೆಯಲ್ಲಿರುವುದು ನಾನು ಕೊಟ್ಟ ಕಿಡ್ನಿ. ಮೈ ಅದನ್ನು ಹೊರಗಿನದೆಂದು ಹಾಳುಮಾಡದಿರಲಿ ಅಂತ ದಿನಾ ಮಾತ್ರೆ ನುಂಗುತ್ತಾನೆ. ಹಾಳು ಮಾತ್ರೆ, ರೋಗ ತಡೆಯುವ ಶಕ್ತಿಯನ್ನೂ ತಿಂದುಹಾಕುತ್ತದೆ. "ಧೂಳು, ಬೂಷ್ಟಿನ ಹತ್ತಿರ ಸುಳೀಬೇಡ. ಶ್ವಾಸಕೋಶಕ್ಕೆ ಹೋದ್ರೆ ಉಳಿಯೋದು ಕಷ್ಟ," ಎಂದಿದ್ದರು ಡಾಕ್ಟರು. ಹಳೇ ಹಾಸಿಗೆ ಬಿಚ್ಚಿ ಹತ್ತಿ ಹೊಡೆಯುವವನಿಗೆ ಹೇಳುವ ಮಾತಾ ಇದು! ಅದೇ ಅಂಗಡಿಯಲ್ಲಿ ದುಡಿಯುವ ನಾನು ಹೇಗೋ ಕಾಡಿ ಬೇಡಿ ಅವನನ್ನು ಮುಂದುಗಡೆ ದಿಂಬು ಹೊಲಿಯಲು ಕೂರಿಸಿದ್ದೆ.

"ಮುಂದೆ ಕೂತು ಮುಖ ತೋರ್ಸಕ್ಕಾಗಲ್ವಾ? ಒಳಗೆ ಹೋಗಿ ಸಾಯಿ. ನೀರು ನುಗ್ಗಿದ ಲಾಡ್ಜಿನ ಹಾಸಿಗೆ ಬಂದಿವೆ, ಬಿಚ್ಚು."

ನಾನು ಕೈ ಮುಗಿದೆ. ಸಾಹುಕಾರ ನನ್ನನ್ನು ಗಿರಾಕಿ ಮನೆಗೆ ದಿಂಬು ಕೊಟ್ಟು ಬಾ ಎಂದು ಅಟ್ಟಿದ. ಹೋದೆ. ಹೋಗಬಾರದಿತ್ತು.

ವಾಪಸು ಬಂದಾಗ ತಮ್ಮ ಒಂದು ಹಾಸಿಗೆ ಸೀಳಿ ಆಗಿತ್ತು. ಒಳಗಿನ ಹತ್ತಿಯೆಲ್ಲ ಕರೀ ಬೂಷ್ಟು. ಕಿತ್ತ ಮಾಸ್ಕನ್ನು ಒಂದು ಕೈಯಲ್ಲಿ ಮೂಗಿಗೆ ಒತ್ತಿಕೊಂಡು ಇನ್ನೊಂದರಲ್ಲಿ ಹತ್ತಿ ಎಳೆಯುತ್ತಿದ್ದ.

"ಏಳೋ! ಬೀದಿಗೆ ನಡಿ!"

"ಬಿಡೇ ಅಕ್ಕಾ. ಕೆಲಸ ಹೋದ್ರೆ ಮಾತ್ರೆ ನಿಮ್ಮಪ್ಪ ತಂದ್ಕೊಡ್ತಾನಾ?"

"ನಮ್ಮಪ್ಪ ನಿಂಗೂ ಅಪ್ಪಾನೇ ಕಣೋ, ಹುಚ್ಚಪ್ಪ. ಏಳು!"

ನಗಲು ಹೋದ, ಆಗಲಿಲ್ಲ. ರಟ್ಟೆ ಹಿಡಿದು ಹೊರಗೆ ದಬ್ಬಿದೆ. ಸಾಕಾಗಿತ್ತು ನನಗೆ, ಬೇಡಿ ಬೇಡಿ ಸಾಕಾಗಿತ್ತು. ಬೂಷ್ಟು ಹಿಡಿದ ಇನ್ನೊಂದು ಹಾಸಿಗೆಯನ್ನು ದರದರ ಎಳೆದುಕೊಂಡು ಸಾಹುಕಾರನ ಗಾಜಿನ ಕೋಣೆಗೆ ನುಗ್ಗಿದೆ. ಮೇಜಿನ ಮೇಲೆ ಎತ್ತಿ ಹಾಕುವಾಗ ಕಿಡ್ನಿ ತೆಗೆದ ಪಕ್ಕೆಯ ಹಳೇ ಹೊಲಿಗೆ ಚುಳ್ಳೆಂದಿತು.

"ಏಯ್! ತಲೆ ಕೆಟ್ಟಿದ್ಯೇನೇ, ಲೌಡಿ?"

ಕತ್ತರಿ ಹಾಕಿ ಉದ್ದಕ್ಕೂ ಸೀಳಿದೆ. ಫ್ಯಾನು ಜೋರು ಮಾಡಿದೆ. "ಕೂತ್ಕೊಳ್ಳಿ ಸಾವ್ಕಾರ್ರೆ. ಹತ್ತಿ ಹೊಡೆಯೋದು ನೋಡಿ."

ಬೂಷ್ಟಿನ ಧೂಳೆದ್ದು ಕೋಣೆ ಮಬ್ಬಾಯಿತು. ಅವನು ಅಂಗಿಯ ಚುಂಗಿನಿಂದ ಮೂಗು ಮುಚ್ಚಿಕೊಂಡು, ಕುರ್ಚಿ ಬೀಳಿಸಿ, ಬೀದಿಗೆ ಓಡಿದ. ಬಾಗಿಲಲ್ಲಿ ನಿಂತಿದ್ದ ಕೆಲಸದವರು ಯಾರೂ ನನ್ನನ್ನು ತಡೆಯಲಿಲ್ಲ.

ಹೊರಗೆ ಯಾರೋ ಕೆಮ್ಮಿದರು. ಸಾಹುಕಾರನೇ ಇರಲಿ, ಅವನೇ ಇರಲಿ ಅಂದುಕೊಳ್ಳುತ್ತ ಕತ್ತರಿ ಹಿಡಿದೇ ಕಿವಿಗೊಟ್ಟು ನಿಂತೆ. ಮತ್ತೆ ಕೆಮ್ಮು.

ನನ್ನ ತಮ್ಮನದು.