ಎರಡನೇ ಚರಣದ ಬಿಕ್ಕು

ಅಜ್ಜಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಮಂದಿಯೆಲ್ಲ ಆಡಿಕೊಳ್ಳುವುದುಂಟು. ಆ ಒಂದು ಹಾಡು ಕಿವಿಗೆ ಬಿದ್ದರಂತೂ ಅದು ನೆತ್ತಿಗೇ ಏರುತ್ತಿತ್ತು. ರಾಕ್ ಅಂಡ್ ರೋಲ್ ಎಂಬ ಹೆಸರೇ ಹೊಸದಾಗಿದ್ದ ಕಾಲದ ಹಾಡು. ಬಿಟ್ಟುಹೋದವಳಿಗಾಗಿ ಒಬ್ಬ ಗಂಡಸು ಗೋಳಾಡುತ್ತಾನೆ. ಎರಡನೇ ಚರಣದ ಕೊನೆಗೆ ಒಂದು ಬಿಕ್ಕು ಕೇಳಿಸುತ್ತದೆ. ಆ ಬಿಕ್ಕಿಗಾಗಿಯೇ ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಜನ ಅದನ್ನು ಹಾಕಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಾ ಬಂದು ಅರವತ್ತು ವರ್ಷ ದಾಟಿತ್ತು. ಅಜ್ಜಿ ಮಾತ್ರ ಎದ್ದುಹೋಗಿ ರೇಡಿಯೊ ಆರಿಸುತ್ತಿದ್ದಳು. ಯಾಕೆಂದು ಕೇಳಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮೊಮ್ಮಗಳಿಗೆ ಸ್ಟುಡಿಯೊದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಶುಚಿ ಮಾಡುವ ಕೆಲಸ. ಹಾಡಿನ ಜೊತೆಗೆ ಬರುವ ಕಲಾವಿದರ ಪಟ್ಟಿಯ ಕಾಗದದಲ್ಲಿ ಹೆಸರಿರುವವರ ದನಿಯನ್ನಷ್ಟೇ ಉಳಿಸಬೇಕು, ಮಿಕ್ಕಿದ್ದೆಲ್ಲ ಗದ್ದಲ ಎಂಬುದು ಕಂಪನಿಯ ಕಟ್ಟಳೆ. ಅವತ್ತು ಅವಳ ಕೈಗೆ ಅದೇ ಹಾಡು ಬಂದಿತ್ತು. ಮಧ್ಯಾಹ್ನ ಊಟದ ಡಬ್ಬಿ ತಂದ ಅಜ್ಜಿಯನ್ನು ಅವಳು ಕೈಹಿಡಿದು ಕೂರಿಸಿದಳು.

"ಹೊಸ ಯಂತ್ರದಲ್ಲಿ ಒಂದೊಂದು ದನೀನೂ ಬಿಡಿಸಬಹುದು ಅಜ್ಜಿ. ಆ ಬಿಕ್ಕು ಅವನದ್ದೇ ಅಲ್ಲ! ಹಿಂದೆ ನಿಂತಿದ್ದ ಯಾವಳೋ ಹುಡುಗೀದು. ಕಾಗದದಲ್ಲಿ ಅವಳ ಹೆಸರಿಲ್ಲ, ತೆಗೆದುಬಿಟ್ಟೆ. ಸಂಜೆ ಕಂಪನಿಗೆ ಹೋಗುತ್ತೆ."

ಹಾಡು ಕೇಳಿಸಿದಳು. ಎರಡನೇ ಚರಣ ಬಂತು, ಹೋಯಿತು. ಬರೀ ಸಪ್ಪೆ. ಯಾರದೋ ಪ್ರೇಮಪತ್ರವನ್ನು ಗುಮಾಸ್ತ ಓದಿ ಹೇಳಿದ ಹಾಗಿತ್ತು.

ಅಜ್ಜಿಯ ಮೈಯೆಲ್ಲ ಉರಿದುಹೋಯಿತು. ಆ ಹಾಡು ಮುದ್ರಿಸಿದ ಕಾಲದಲ್ಲಿ ಕೋಣೆಗೆ ಒಂದೇ ಮೈಕು. ಎಲ್ಲರೂ ಒಟ್ಟಿಗೆ, ಒಂದೇ ಉಸಿರಿಗೆ ಹಾಡಿ ಮುಗಿಸಬೇಕು. ಹಿಮ್ಮೇಳದ ಹುಡುಗಿಯರು ನಾಲ್ಕು ಹೆಜ್ಜೆ ಹಿಂದೆ; ಅವರಲ್ಲಿ ಅವಳೂ ಒಬ್ಬಳು. ಒಳಗೆ ಬರುವ ಮುಂಚೆ ಮೆಟ್ಟಿಲ ಮೇಲೆಯೇ, ಅಲ್ಲಿಯವರೆಗೆ ಅವಳನ್ನು ಪ್ರೀತಿಸುತ್ತಿದ್ದ ಆ ಗಾಯಕ ಮಹಾನುಭಾವ ಅವಳಿಗೆ ಹೇಳಿದ್ದ, ತಾನು ಮದುವೆಯಾಗುತ್ತಿರುವುದು ಸ್ಟುಡಿಯೊ ಯಜಮಾನನ ಮಗಳನ್ನು ಎಂದು. ಹೇಳಿದವನೇ ಒಳಗೆ ಹೋಗಿ, ಬಿಟ್ಟುಹೋದೆಯಲ್ಲೇ ಎಂದು ಹಾಡತೊಡಗಿದ್ದ. ಅವಳು ಬಾಯಿಗೆ ಅಂಗೈ ಒತ್ತಿ ಹಿಡಿದರೂ ಬಿಕ್ಕು ತಪ್ಪಿಸಿಕೊಂಡಿತು. ಯಂತ್ರದವನು ಮತ್ತೊಮ್ಮೆ ಹಾಡಿ ಎಂದರೆ, ಇವನು ಬೇಡವೆಂದ. ತಾನೇ ಅತ್ತ ಹಾಗೆ ಕೇಳಿಸುತ್ತಿದೆ, ಇರಲಿ ಎಂದ. ಆಮೇಲೆ ಸಾಯುವ ತನಕ, ತಾನು ಹೇಗೆ ಅತ್ತೆನೆಂದು ಸಂದರ್ಶನಗಳಲ್ಲಿ ವರ್ಣಿಸಿದ್ದೇ ವರ್ಣಿಸಿದ್ದು. ನಾಚಿಕೆಗೆಟ್ಟವನು. ಇಷ್ಟು ವರ್ಷ ಅವಳ ಅಳುವನ್ನು ಅವನು ಕದ್ದಿದ್ದ; ಇವತ್ತು ಸ್ವಂತ ಮೊಮ್ಮಗಳೇ ಅದನ್ನು ಗುಡಿಸಿ ಹಾಕಿದ್ದಳು.

"ವಾಪಸ್ ಹಾಕು," ಎಂದಳು ಅಜ್ಜಿ.

ಹೆಸರಿಲ್ಲದ ದನಿ ಇಡುವ ಹಾಗಿಲ್ಲ ಎಂದಳು ಮೊಮ್ಮಗಳು.

"ಯಾವಳೋ ಅಲ್ಲ ಕಣೇ. ನಾನು."

ಮೊಮ್ಮಗಳು ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ಆ ಬಿಕ್ಕನ್ನಷ್ಟೇ ಬಿಡಿಯಾಗಿ ಕೇಳಿಸಿದಳು. ಅರೆಗಳಿಗೆಯ ಸದ್ದು, ಹತ್ತೊಂಬತ್ತು ವರ್ಷದ ಗಂಟಲು. ಅದನ್ನು ಕೇಳುತ್ತಾ ಅಜ್ಜಿ ತನಗೆ ತಿಳಿಯದೆಯೇ ಅಂಗೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಮೊಮ್ಮಗಳು ಬಿಕ್ಕನ್ನು ಅದರ ಜಾಗಕ್ಕೆ ಸೇರಿಸಿದಳು. ಕಾಗದ ತೆರೆದು, ಹಾಡಿದವರು ಎಂಬಲ್ಲಿ ಅಜ್ಜಿಯ ಹೆಸರನ್ನೂ ಬರೆಯಲೇ ಎಂದು ಕೇಳಿದಳು.

ಅಜ್ಜಿ ಕೈ ಕೆಳಗಿಳಿಸಿದಳು.

"ಬೇಡ. ಹಾಡು ಅವನದೇ ಇರಲಿ. ಕೆಳಗೆ ಇನ್ನೊಂದು ಸಾಲು ಹಾಕು. ಅತ್ತವರು ಅಂತ ಬರೆದು, ನನ್ನ ಹೆಸರು ಬರಿ."